ಗ್ರಾಮಸಭೆಗೆ ಸಹಿ ಸಂಗ್ರಹಿಸುವ ನಿಯಮವೇನು? ಮತಕ್ಕೆ ಹಾಕುವ ಪ್ರಶ್ನೆಯನ್ನು ಹೇಗೆ ಬರೆಯಬೇಕು?

ಪ್ರಶ್ನೆ: ಕಲ್ಪತರು ನಾಡು (ಗುಬ್ಬಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿ ಕೇಂದ್ರದಲ್ಲಿ ಬಸ್ ನಿಲ್ದಾಣಕ್ಕೆ ಹೊಂದಿಕೊಂಡ ಮೈದಾನದಲ್ಲಿ ವಾರದ ಸಂತೆ ನಡೆಯುತ್ತದೆ. ಸುತ್ತಮುತ್ತಲ ಹಳ್ಳಿಗಳ ಸಣ್ಣ ರೈತರು ತೆಂಗಿನಕಾಯಿ, ಸೊಪ್ಪು, ತರಕಾರಿ, ಅವರೆ, ಹುರುಳಿಯನ್ನು ತಂದು ಮಾರುವುದು ಇಲ್ಲಿಯೇ. ಈ ಸಂತೆಯನ್ನು ಊರ ಹೊರಗೆ ಹೆದ್ದಾರಿ ಬದಿಯಲ್ಲಿರುವ ಗೋಮಾಳಕ್ಕೆ ಸ್ಥಳಾಂತರಿಸಿ, ಈಗಿನ ಮೈದಾನದಲ್ಲಿ ಬಾಡಿಗೆ ಮಳಿಗೆಗಳನ್ನು ಕಟ್ಟಬೇಕೆಂಬ ಪ್ರಸ್ತಾವ ಬಂದಿದೆ. ಊರಿನಲ್ಲಿ ಇದಕ್ಕೆ ಪರವಾಗಿರುವವರೂ ಇದ್ದಾರೆ, ವಿರೋಧವಾಗಿರುವವರೂ ಇದ್ದಾರೆ. ಹೆದ್ದಾರಿ ಬದಿಗೆ ಹೋದರೆ ವಾಹನ ನಿಲ್ಲಿಸಲು ಜಾಗ ಸಿಗುತ್ತದೆ ಎನ್ನುವ ಮಾತಿನಲ್ಲಿಯೂ ಸತ್ಯವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ತಕರಾರು ಇರುವುದು ಕಳೆದ ಗ್ರಾಮಸಭೆಯಲ್ಲಿ ಈ ವಿಷಯವನ್ನು ಮತಕ್ಕೆ ಹಾಕಿದ ರೀತಿಯ ಬಗ್ಗೆ. ಸಂತೆಯನ್ನು ಉಳಿಸಬೇಕೆಂದು ಕೆಲವರು ಮನವಿ ಕೊಟ್ಟಿದ್ದರು. ಸಭೆಯಲ್ಲಿ ಓದಿದ ವಾಕ್ಯವನ್ನು ನಾನು ಅಲ್ಲಿಯೇ ಬರೆದುಕೊಂಡೆ: "ಸಂತೆಯನ್ನು ಸ್ಥಳಾಂತರಿಸಬಾರದು ಮತ್ತು ಮಳಿಗೆ ನಿರ್ಮಾಣವನ್ನು ಕೈಬಿಡಬೇಕು ಎಂಬ ಮನವಿಯನ್ನು ತಿರಸ್ಕರಿಸಲು ಸಭೆಯ ವಿರೋಧವಿಲ್ಲವೆಂದು ದಾಖಲಿಸಬಹುದೇ? ಒಪ್ಪಿಗೆ ಇರುವವರು ಕೈ ಎತ್ತಿ." ಸಂತೆ ಇಲ್ಲಿಯೇ ಇರಲಿ ಎನ್ನುವವರು "ಸ್ಥಳಾಂತರಿಸಬಾರದು" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕೈ ಎತ್ತಿದರು. ಮಳಿಗೆ ಬೇಕೆನ್ನುವವರೂ ಅದೇ ವಾಕ್ಯಕ್ಕೆ ಕೈ ಎತ್ತಿದರು. ತಲೆ ಎಣಿಸಲಿಲ್ಲ. ನಡವಳಿ ಪುಸ್ತಕದಲ್ಲಿ "ಬಹುಮತದಿಂದ ಅಂಗೀಕರಿಸಲಾಯಿತು" ಎಂದು ಬರೆದು ಮುಗಿಸಲಾಯಿತು.

ಈಗ ನಾವು ಕೆಲವರು ಸೇರಿ, ಸಹಿ ಸಂಗ್ರಹಿಸಿ, ಈ ಒಂದೇ ವಿಷಯಕ್ಕಾಗಿ ಸಭೆಯನ್ನು ಮತ್ತೆ ಕರೆಸಬೇಕೆಂದಿದ್ದೇವೆ. ಎಷ್ಟು ಜನರ ಸಹಿ ಬೇಕು, ಸಹಿಯ ಹಾಳೆ ಹೇಗಿರಬೇಕು, ಜನರ ಮುಂದಿಡುವ ಪ್ರಶ್ನೆಯನ್ನು ಯಾರಿಗೂ ಗೊಂದಲವಾಗದಂತೆ ಹೇಗೆ ಬರೆಯಬೇಕು, ಬಂದ ಫಲಿತಾಂಶಕ್ಕೆ ಪಂಚಾಯಿತಿ ಕಟ್ಟುಬೀಳಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಪಂಚಾಯಿತಿ ನೌಕರ (ಮಧುಗಿರಿ)

ತಮ್ಮ ಪ್ರಶ್ನೆಯಲ್ಲಿ ಸಹಿಗೆ ಸಂಬಂಧಿಸಿದ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ನಾನು ಕೆಲಸ ಮಾಡಿದ್ದು ಆ ಭಾಗದಲ್ಲಿಯೇ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಸಾಮಾನ್ಯ ಗ್ರಾಮಸಭೆ 6 ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದರ ಹೊರತಾಗಿ, ಸದಸ್ಯರಲ್ಲಿ ಶೇ 10ಕ್ಕೆ ಕಡಿಮೆಯಿಲ್ಲದಷ್ಟು ಜನ ಕಾರ್ಯಸೂಚಿಯ ವಿಷಯವನ್ನು ನಮೂದಿಸಿ ಕೋರಿಕೆ ಸಲ್ಲಿಸಿದರೆ ವಿಶೇಷ ಸಭೆಯನ್ನು ಕರೆಯಲೇಬೇಕು. ಎರಡು ವಿಶೇಷ ಸಭೆಗಳ ನಡುವೆ ಕನಿಷ್ಠ 3 ತಿಂಗಳ ಅಂತರವಿರಬೇಕು. ವಾರ್ಡ್ ಸಭೆಗೂ ಇದೇ ಕ್ರಮ ಅನ್ವಯಿಸುತ್ತದೆ. ಹೀಗಾಗಿ ತಮ್ಮ ಮತದಾರರ ಪಟ್ಟಿಯಲ್ಲಿ 4,000 ಹೆಸರುಗಳಿದ್ದರೆ 400 ಸಹಿ ಸಾಕಾಗುತ್ತದೆ. ಆದರೆ 400ಕ್ಕೇ ನಿಲ್ಲಿಸಬೇಡಿ. ಪಟ್ಟಿಯಲ್ಲಿ ಹೆಸರಿಲ್ಲದವರು, ಮದುವೆಯಾಗಿ ಬೇರೆ ಊರಿಗೆ ಹೋದವರು, ಎರಡು ಕಡೆ ಸಹಿ ಮಾಡಿದವರು ಎಂದು ಪರಿಶೀಲನೆಯ ವೇಳೆ ಒಂದಷ್ಟು ಬಿದ್ದೇ ಹೋಗುತ್ತವೆ. 500 ಸಹಿ ಕೈಯಲ್ಲಿದ್ದರೆ ಯಾರೂ ಲೆಕ್ಕದ ನೆಪ ಹೇಳಲಾರರು.

"ಕಾರ್ಯಸೂಚಿಯ ವಿಷಯವನ್ನು ನಮೂದಿಸಿ" ಎಂದು ಮೇಲೆ ಬರೆದೆನಲ್ಲ, ಆ ಮಾತನ್ನು ತಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಏಕೆಂದರೆ ಸಭೆ ಯಾವ ವಿಷಯವನ್ನು ತೆಗೆದುಕೊಳ್ಳಬೇಕೆಂದು ಬರೆಯುವ ಹಕ್ಕನ್ನು ಕಾಯ್ದೆಯು ಸಹಿ ಹಾಕುವವರಿಗೇ ಕೊಟ್ಟಿದೆ. ಕಳೆದ ಸಭೆಯಲ್ಲಿ ವಾಕ್ಯವನ್ನು ಬರೆದವರು ಕಚೇರಿಯಲ್ಲಿ ಕುಳಿತಿದ್ದವರು. ಈ ಬಾರಿ ಅದನ್ನು ತಾವು ಬರೆಯಬಹುದು, ಬರೆಯಲೇಬೇಕು. "ಸಂತೆಯ ಬಗ್ಗೆ ಚರ್ಚಿಸುವುದು" ಎಂದಷ್ಟೇ ಬರೆದುಕೊಟ್ಟರೆ ಚರ್ಚೆ ನಡೆಯುತ್ತದೆ, ಕಾಫಿ ಕುಡಿದು ಎಲ್ಲರೂ ಎದ್ದು ಹೋಗುತ್ತಾರೆ, ನಿರ್ಣಯ ಮಾತ್ರ ಆಗುವುದಿಲ್ಲ. ಸಭೆಯಲ್ಲಿ ಮತಕ್ಕೆ ಹಾಕಬೇಕಾದ ಪ್ರಶ್ನೆಯನ್ನು ಅಕ್ಷರಶಃ ಮನವಿಯಲ್ಲಿಯೇ ಬರೆದು, "ಇದೇ ವಾಕ್ಯವನ್ನು ಸಭೆಯ ಮುಂದಿಡಬೇಕು" ಎಂದು ಕೋರಿರಿ.

ಸಹಿಯ ಹಾಳೆಯ ವಿಚಾರ. ಆ ಪ್ರಶ್ನೆ ಮೊದಲ ಪುಟದಲ್ಲಿ ಮಾತ್ರ ಇದ್ದರೆ ಸಾಲದು, ಪ್ರತಿಯೊಂದು ಹಾಳೆಯ ಮೇಲ್ಭಾಗದಲ್ಲಿಯೂ ಪೂರ್ಣವಾಗಿ ಮುದ್ರಿತವಾಗಿರಬೇಕು. ಖಾಲಿ ಹಾಳೆಗಳಲ್ಲಿ ಸಹಿ ತೆಗೆದುಕೊಂಡು ಆಮೇಲೆ ಮನವಿಯನ್ನು ಮುಂದೆ ಲಗತ್ತಿಸುವ ಪದ್ಧತಿ ನಮ್ಮ ಕಡೆ ಬಹಳ ಇದೆ. ಒಬ್ಬರು ಎದ್ದು ನಿಂತು "ನಾನು ರಸ್ತೆಗೆಂದು ಸಹಿ ಹಾಕಿದ್ದೆ" ಎಂದರೆ ಇಡೀ ಕಟ್ಟಿನ ಮೇಲೆ ಅನುಮಾನ ಬರುತ್ತದೆ. ಹಾಳೆಯಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮತದಾರರ ಪಟ್ಟಿಯ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ, ಸಹಿ, ದಿನಾಂಕ ಇಷ್ಟು ಕಲಮುಗಳು ಸಾಕು. ಹೆಬ್ಬೆಟ್ಟು ಒತ್ತಿದ ಕಡೆ ಪಕ್ಕದಲ್ಲಿಯೇ ಸಾಕ್ಷಿಯ ಸಹಿ ಇರಲಿ. ಆಧಾರ್ ಸಂಖ್ಯೆ, ಫೋನ್ ನಂಬರ್ ಕೇಳಲೇಬೇಡಿ. ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಲು ಅವು ಬೇಕಾಗುವುದಿಲ್ಲ, ಊರ ತುಂಬ ಓಡಾಡುವ ಹಾಳೆಯಲ್ಲಿ ಅವು ಇರುವುದೂ ಒಳ್ಳೆಯದಲ್ಲ. ಮನೆಗೊಬ್ಬರು ಎಲ್ಲರ ಪರವಾಗಿ ಸಹಿ ಹಾಕುವುದನ್ನು ಬಿಲ್ಕುಲ್ ಒಪ್ಪಬೇಡಿ.

ಮನವಿಯನ್ನು ಅಧ್ಯಕ್ಷರ ಹೆಸರಿಗೆ ಬರೆದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಕೊಟ್ಟು, ತಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಟಪಾಲಿನ ಸಂಖ್ಯೆ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿಯನ್ನು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಕಳುಹಿಸಿ. ಸಭೆಯ ಕೋರಂ ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹಾಜರಿದ್ದು ಮತ ನೀಡಿದವರ ಬಹುಮತದಂತೆ ನಿರ್ಣಯವಾಗುತ್ತದೆ. ಅಂದರೆ 500 ಜನ ಸಹಿ ಹಾಕಿ, ಸಭೆಯ ದಿನ 60 ಜನ ಬಂದರೆ ತಮ್ಮ ಶ್ರಮವೆಲ್ಲ ನೀರುಪಾಲು. ಸಹಿ ಕೇಳುವಾಗಲೇ "ಸಭೆಗೂ ಬರಬೇಕು" ಎಂದು ಹೇಳಿ ಬನ್ನಿ.

ಉತ್ತರ 2: ಶಾಲೆಯ ಮೇಷ್ಟ್ರು (ಚಿಂತಾಮಣಿ)

ತಾವು ಬರೆದುಕೊಂಡ ಆ ವಾಕ್ಯವನ್ನು ನಾನು ಹಲವು ಬಾರಿ ಓದಿದೆ. ಅದರಲ್ಲಿ ಸ್ಥಳಾಂತರಿಸಬಾರದು, ಕೈಬಿಡಬೇಕು, ತಿರಸ್ಕರಿಸಲು, ವಿರೋಧವಿಲ್ಲ ಎಂದು ನಿರಾಕರಣೆಯ ಮೇಲೆ ನಿರಾಕರಣೆ ಕುಳಿತಿದೆ. ಓದು ಬಂದವರೂ ಕಾಗದ ಪೆನ್ನು ಹಿಡಿದು ಬಿಡಿಸಬೇಕಾದ ವಾಕ್ಯವನ್ನು ಶಾಮಿಯಾನದ ಕೆಳಗೆ, ಧ್ವನಿವರ್ಧಕದಲ್ಲಿ, ಒಮ್ಮೆ ಕೇಳಿದವರು ಅರ್ಥ ಮಾಡಿಕೊಳ್ಳಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಮತಕ್ಕೆ ಕಟ್ಟಿರುವುದು ಇನ್ನೂ ದೊಡ್ಡ ದೋಷ. ಸಂತೆ ಹೊರಗೆ ಹೋಗಲಿ, ಆದರೆ ಮೈದಾನದಲ್ಲಿ ಮಳಿಗೆ ಬೇಡ, ಮಕ್ಕಳ ಆಟಕ್ಕೆ ಬಿಡಲಿ ಎನ್ನುವವನು ಎಲ್ಲಿ ಕೈ ಎತ್ತಬೇಕು? ಅವನಿಗೆ ಆ ವಾಕ್ಯದಲ್ಲಿ ಜಾಗವೇ ಇಲ್ಲ.

ಇದು ಹಳ್ಳಿಯ ಸಭೆಗಳಿಗೆ ಮಾತ್ರ ಇರುವ ತೊಂದರೆಯಲ್ಲ. 1975ರ ಏಪ್ರಿಲ್‌ನಲ್ಲಿ ಸಿಕ್ಕಿಂನಲ್ಲಿ ನಡೆದ ಜನಮತ ಸಂಗ್ರಹದಲ್ಲಿ ಚೋಗ್ಯಾಲ್ ಅರಸೊತ್ತಿಗೆಯನ್ನು ರದ್ದು ಮಾಡುವುದು, ಸಿಕ್ಕಿಂ ಭಾರತದ ಘಟಕವಾಗುವುದು ಎರಡನ್ನೂ ಸೇರಿಸಿ ಒಂದೇ ನಿರ್ಣಯವಾಗಿ ಜನರ ಮುಂದಿಡಲಾಗಿತ್ತು. ಅರಸೊತ್ತಿಗೆ ಬೇಡ, ಆದರೆ ಎರಡನೆಯದರ ಬಗ್ಗೆ ಯೋಚಿಸಬೇಕು ಎನ್ನುವವರಿಗೆ ಪ್ರತ್ಯೇಕ ಉತ್ತರ ಕೊಡುವ ಅವಕಾಶವಿರಲಿಲ್ಲ. ಫಲಿತಾಂಶ ಭಾರಿ ಬಹುಮತದ್ದಾಗಿತ್ತು ಎಂಬುದು ನಿಜ; ಪ್ರಶ್ನೆಯ ರಚನೆಯನ್ನು ಕುರಿತ ಮಾತು ಮಾತ್ರ ಇಂದಿಗೂ ಉಳಿದುಕೊಂಡಿದೆ. ಸ್ವಿಟ್ಜರ್‌ಲೆಂಡಿನಲ್ಲಿ 1 ಲಕ್ಷ ನಾಗರಿಕರು 18 ತಿಂಗಳೊಳಗೆ ಸಹಿ ಹಾಕಿದರೆ ಸಂವಿಧಾನ ತಿದ್ದುಪಡಿಯ ಪ್ರಸ್ತಾವವನ್ನೇ ಮತಕ್ಕೆ ತರಬಹುದು, ಆದರೆ ಒಂದು ಪ್ರಸ್ತಾವದಲ್ಲಿ ಒಂದೇ ವಿಷಯ ಇರಬೇಕೆಂಬ ನಿಯಮವಿದೆ. ಅಮೆರಿಕದ ಹಲವು ರಾಜ್ಯಗಳಲ್ಲಿಯೂ ನಾಗರಿಕರ ಪ್ರಸ್ತಾವಗಳಿಗೆ ಇದೇ ಕಟ್ಟಳೆ.

ಪ್ರಶ್ನೆ ಸರಳವಾಗಿದ್ದರೆ ಸಾಲದು, ಅದು ಯಾವ ಕಡೆಗೂ ವಾಲಬಾರದು. ಸ್ಕಾಟ್ಲೆಂಡಿನಲ್ಲಿ 2014ರ ಮತದಾನಕ್ಕೆ ಅಲ್ಲಿನ ಸರ್ಕಾರ ಮೊದಲು ಬರೆದ ಪ್ರಶ್ನೆ "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂದು ನೀವು ಒಪ್ಪುತ್ತೀರಾ?" ಎಂದಿತ್ತು. ಚುನಾವಣಾ ಆಯೋಗವು ಅದನ್ನು ಜನರ ಮುಂದಿಟ್ಟು ಪರೀಕ್ಷಿಸಿ, "ಒಪ್ಪುತ್ತೀರಾ" ಎಂದು ಕೇಳುವುದೇ ಹೌದು ಎನ್ನುವ ಕಡೆಗೆ ಓದುಗನನ್ನು ತಳ್ಳುತ್ತದೆ ಎಂದು ತಿಳಿಸಿತು. ಕೊನೆಗೆ ಚೀಟಿಯಲ್ಲಿ ಬಂದದ್ದು "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?" ಎಂದು ಮಾತ್ರ. ಬ್ರಿಟನ್ನಿನ 2016ರ ಮತದಾನದಲ್ಲಿ ಆಯೋಗದ ಸಲಹೆ ಇನ್ನೂ ಮುಂದೆ ಹೋಯಿತು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ ಎಂದು ಕೇಳಿ ಹೌದು, ಇಲ್ಲ ಎಂಬ ಉತ್ತರ ಕೊಡುವುದನ್ನು ಬಿಟ್ಟು, "ಉಳಿಯಬೇಕು", "ಹೊರಬರಬೇಕು" ಎಂದು ಎರಡು ಉತ್ತರಗಳನ್ನೂ ಪೂರ್ಣವಾಗಿ ಬರೆದರು. ನಮ್ಮ ಸಭೆಗಳಲ್ಲಿ ಹೌದು ಎನ್ನುವುದು ಹಿರಿಯರಿಗೆ, ಅಧ್ಯಕ್ಷರಿಗೆ ತೋರುವ ಮರ್ಯಾದೆಯಂತೆಯೂ ಆಗಿಬಿಡುವುದರಿಂದ ಈ ಎರಡನೆಯ ಕ್ರಮವೇ ನಮಗೆ ಹೆಚ್ಚು ಯೋಗ್ಯವೆಂದು ನನ್ನ ದೃಢವಾದ ಅಭಿಪ್ರಾಯ.

ಓದು ಬಾರದವರನ್ನು ಒಳಗೊಳ್ಳುವ ವಿಷಯದಲ್ಲಿ ನಾವು ಹೊರದೇಶಗಳನ್ನು ನೋಡಬೇಕಾಗಿಲ್ಲ, ನಮ್ಮ ಸುತ್ತಲೇ ಒಳ್ಳೆಯ ಮಾದರಿಗಳಿವೆ. ಗೋವಾ ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೇ ಎಂದು 1967ರ ಜನವರಿ 16ರಂದು ಮತದಾನ ನಡೆದಾಗ ವಿಲೀನಕ್ಕೆ ಹೂವು, ಪ್ರತ್ಯೇಕವಾಗಿ ಉಳಿಯಲು ಎರಡು ಎಲೆ ಎಂದು ಗುರುತು ಕೊಟ್ಟಿದ್ದರು. 34,021 ಮತಗಳ ಅಂತರದಲ್ಲಿ ಎರಡೆಲೆ ಗೆದ್ದಿತು. ಮಹಾರಾಷ್ಟ್ರದಲ್ಲಿ ಊರಿನ ಮದ್ಯದಂಗಡಿ ಮುಚ್ಚಿಸಲು ಶೇ 25ರಷ್ಟು ಮಹಿಳಾ ಮತದಾರರು ಸಹಿ ಹಾಕಿ ಮನವಿ ಕೊಟ್ಟರೆ ಗುಪ್ತ ಮತದಾನ ನಡೆಯುತ್ತದೆ. ಚೀಟಿಯಲ್ಲಿ ನಿಂತಿರುವ ಬಾಟಲಿಯ ಚಿತ್ರ ಒಂದು, ಅಡ್ಡ ಬಿದ್ದ ಬಾಟಲಿಯ ಚಿತ್ರ ಒಂದು. ಅಂಗಡಿ ಮುಚ್ಚಬೇಕೆನ್ನುವವರು ಅಡ್ಡ ಬಿದ್ದ ಬಾಟಲಿಗೆ ಮುದ್ರೆ ಒತ್ತುತ್ತಾರೆ. ಒಂದು ಅಕ್ಷರವೂ ಬಾರದ ಅಜ್ಜಿಗೂ ತಾನು ಏನು ಮಾಡಿದೆ ಎಂಬುದು ಗೊತ್ತಿರುತ್ತದೆ. ಮಧ್ಯಪ್ರದೇಶದ ಪುರಸಭೆಗಳಲ್ಲಿ ಅಧ್ಯಕ್ಷರನ್ನು ವಾಪಸು ಕರೆಸುವ ಮತದಾನಕ್ಕೆ ಖಾಲಿ ಕುರ್ಚಿ, ತುಂಬಿದ ಕುರ್ಚಿ ಎಂಬ ಗುರುತುಗಳನ್ನು ಬಳಸಿದ್ದುಂಟು. ತಮ್ಮ ಊರಿನ ಸಂತೆಗೂ ಎರಡು ಚಿತ್ರಗಳನ್ನು ಹುಡುಕುವುದು ಕಷ್ಟವಲ್ಲ: ಬಸ್ಸಿನ ಚಿತ್ರ ಇದ್ದರೆ ಈಗಿನ ಜಾಗ, ಲಾರಿಯ ಚಿತ್ರ ಇದ್ದರೆ ಹೆದ್ದಾರಿಯ ಜಾಗ.

ಉತ್ತರ 3: ವಕೀಲ (ಕೋಲಾರ)

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ಆದರೆ ಪ್ರಶ್ನೆ ಬರೆಯುವ ಮುಂಚೆ, ಅದನ್ನು ಕೇಳುವ ಅಧಿಕಾರ ಈ ಸಭೆಗೆ ಇದೆಯೇ ಎಂದು ನೋಡಬೇಕು. ಸಂತೆ ಮತ್ತು ಜಾತ್ರೆ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ 22ನೆಯದು, ಆದ್ದರಿಂದ ಅದು ಪಂಚಾಯಿತಿಗೆ ಸೇರಿದ ವಿಷಯವೇ. ಗೋಮಾಳ ಹಾಗಲ್ಲ. ಅದು ಸರ್ಕಾರಿ ಜಮೀನು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 71ನೇ ಪ್ರಕರಣದಡಿ ದನಗಳ ಮೇವಿಗೋ ಇತರ ಸಾರ್ವಜನಿಕ ಉದ್ದೇಶಕ್ಕೋ ಜಮೀನನ್ನು ಮೀಸಲಿಡುವ ಅಧಿಕಾರ ಜಿಲ್ಲಾಧಿಕಾರಿಗಳದು. ಊರಿನವರೆಲ್ಲ ಒಮ್ಮತದಿಂದ ಕೈ ಎತ್ತಿದರೂ ಗೋಮಾಳ ಸಂತೆ ಮೈದಾನವಾಗುವುದಿಲ್ಲ. ಹೀಗಾಗಿ "ಸಂತೆಯನ್ನು ಗೋಮಾಳಕ್ಕೆ ಸ್ಥಳಾಂತರಿಸಲು ಒಪ್ಪಿಗೆಯೇ" ಎಂಬ ಪ್ರಶ್ನೆ ಅಪೂರ್ಣವಾದದ್ದು. ಆ ಸರ್ವೆ ನಂಬರಿನ ಜಮೀನನ್ನು ಸಂತೆಗಾಗಿ ಮೀಸಲಿಡುವಂತೆ ಜಿಲ್ಲಾಧಿಕಾರಿಗಳನ್ನು ಕೋರಬೇಕೇ ಎಂಬುದಷ್ಟೇ ಸಭೆ ತೀರ್ಮಾನಿಸಬಹುದಾದ ಸಂಗತಿ. ಜನರಿಗೆ ಇದನ್ನು ಮೊದಲೇ ತಿಳಿಸಬೇಕು. ಇಲ್ಲದಿದ್ದರೆ ಮತ ಹಾಕಿ ಬಂದವರು ಮುಂದಿನ ವಾರವೇ ಸಂತೆ ಜಾಗ ಬದಲಾಗುತ್ತದೆ ಎಂದುಕೊಳ್ಳುತ್ತಾರೆ. ಮತ ನೀಡುವವನಿಗೆ ತನ್ನ ಮತದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ತಿಳಿದಿರದಿದ್ದರೆ ವಾಕ್ಯ ಎಷ್ಟು ಸ್ಪಷ್ಟವಾಗಿದ್ದೂ ಪ್ರಯೋಜನವಿಲ್ಲ.

ಪಂಚಾಯಿತಿ ಕಟ್ಟುಬೀಳಬೇಕೇ ಎಂದು ಕೇಳಿದ್ದೀರಿ. ಊರಿನ ಯಾವುದೇ ವಿಷಯಕ್ಕೆ ಜನಮತ ಸಂಗ್ರಹ ನಡೆಸಿ ಅದರಂತೆಯೇ ನಡೆಯಬೇಕೆಂಬ ಪ್ರತ್ಯೇಕ ವ್ಯವಸ್ಥೆ ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಇಲ್ಲ. ಸಂವಿಧಾನದ 243ಎ ಅನುಚ್ಛೇದದ ಪ್ರಕಾರ ಗ್ರಾಮಸಭೆಯ ಅಧಿಕಾರಗಳು ರಾಜ್ಯದ ಶಾಸಕಾಂಗ ಕೊಟ್ಟಷ್ಟೇ. ಆದ್ದರಿಂದ ಚೀಟಿಗಳ ಎಣಿಕೆಗೆ ಬೆಲೆ ಬರುವುದು ಅದು ಗ್ರಾಮಸಭೆಯ ನಿರ್ಣಯವಾಗಿ, ಅಂಕಿಗಳ ಸಮೇತ ನಡವಳಿಯಲ್ಲಿ ದಾಖಲಾದಾಗ. ಇಂತಹ ನಿರ್ಣಯ ಹಗುರವಾದದ್ದೆಂದು ಭಾವಿಸಬೇಡಿ. ಅರಣ್ಯ ಹಕ್ಕು ಕಾಯ್ದೆಯಡಿಯಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದ ಗಣಿಗಾರಿಕೆ ವಿಷಯವನ್ನು ಗ್ರಾಮಸಭೆಗಳ ಮುಂದಿಡುವಂತೆ ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದಾಗ 12 ಹಳ್ಳಿಗಳ ಸಭೆಗಳೂ ಅದನ್ನು ತಿರಸ್ಕರಿಸಿದವು. ಅದಕ್ಕೆ ಬೇರೆಯೇ ಕಾನೂನಿನ ಬಲವಿತ್ತು, ತಮ್ಮ ವಿಷಯಕ್ಕೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಸ್ಪಷ್ಟವಾಗಿ ಕೇಳಿ, ಸ್ಪಷ್ಟವಾಗಿ ಬರೆದಿಟ್ಟ ನಿರ್ಣಯವನ್ನು ಅಧಿಕಾರಿಗಳಾಗಲಿ ನ್ಯಾಯಾಲಯವಾಗಲಿ ಸುಲಭವಾಗಿ ಬದಿಗೆ ಸರಿಸಲಾರರು. "ಬಹುಮತದಿಂದ ಅಂಗೀಕರಿಸಲಾಯಿತು" ಎಂಬ ಒಂದು ಸಾಲನ್ನು ಮಾತ್ರ ಯಾರು ಬೇಕಾದರೂ ಪ್ರಶ್ನಿಸಬಹುದು. ಕಳೆದ ಸಭೆಯ ನಡವಳಿಯ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಈಗಲೇ ಕೇಳಿ. 30 ದಿನಗಳೊಳಗೆ ಕೊಡಬೇಕು.

ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳಲ್ಲಿ ಇರುವ ಓದುಗರಿಗೆ ಒಂದು ಮಾತು. ನಗರಸಭೆಗಳಲ್ಲಿ ಗ್ರಾಮಸಭೆಯಂತಹ ಸಭೆಯಿಲ್ಲ. ಜನಸಂಖ್ಯೆ 3 ಲಕ್ಷ ಮುಟ್ಟಿದ ನಗರಗಳಿಗೆ 243ಎಸ್ ಅನುಚ್ಛೇದದಂತೆ ವಾರ್ಡ್ ಸಮಿತಿಗಳು ಬೇಕು, 2011ರ ಜನಗಣತಿಯಲ್ಲಿಯೇ ತುಮಕೂರು ಆ ಗಡಿ ದಾಟಿದೆ. ಅದರ ಚರ್ಚೆ ಬೇರೆಯೇ ಆಗಬೇಕು.

ಉತ್ತರ 4: ಸ್ತ್ರೀಶಕ್ತಿ ಸಂಘದ ಸದಸ್ಯೆ (ಬಾಗೇಪಲ್ಲಿ)

ಅಣ್ಣಂದಿರೆಲ್ಲ ಕಾಯ್ದೆಯ ವಿಚಾರವನ್ನು ಚೆನ್ನಾಗಿ ಬರೆದಿದ್ದೀರಿ. ಹೆಂಗಸರ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಸಹಿ ಹಾಕುವ ಹಾಳೆ ಹೆಚ್ಚಾಗಿ ಬರುವುದು ನಮ್ಮ ಸಂಘದ ವಾರದ ಸಭೆಗೆ. ಉಳಿತಾಯದ ಹಣ ಎಣಿಸುವ ಗಡಿಬಿಡಿಯಲ್ಲಿ ಹಾಳೆ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಸಹಿ ಹಾಕಿ ಕೊಡುತ್ತಾರೆ, ಓದಿ ಹೇಳುವವರು ಇರುವುದಿಲ್ಲ. ಹಾಳೆ ತಂದವರು ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಓದಬೇಕು, ಆಮೇಲೆ ಸಹಿ ಕೇಳಬೇಕು. ನಮ್ಮ ಬಾಗೇಪಲ್ಲಿ ಕಡೆ, ಹಾಗೆಯೇ ಪಾವಗಡದ ಕಡೆ, ಬಹಳ ಮನೆಗಳಲ್ಲಿ ಮಾತು ತೆಲುಗು. ಅಲ್ಲಿ ಕನ್ನಡದಲ್ಲಿ ಓದಿದ ಮೇಲೆ ತೆಲುಗಿನಲ್ಲಿಯೂ ಒಮ್ಮೆ ಬಿಡಿಸಿ ಹೇಳಿದರೆ ವಯಸ್ಸಾದವರು ಸಮಾಧಾನದಿಂದ ಹೆಬ್ಬೆಟ್ಟು ಒತ್ತುತ್ತಾರೆ.

ಕೈ ಎತ್ತಿಸುವ ಪದ್ಧತಿ ಹೆಂಗಸರಿಗೆ ನ್ಯಾಯ ಕೊಡುವುದಿಲ್ಲ ಎಂಬುದನ್ನು ನಾನು ನೋಡಿ ಹೇಳುತ್ತಿದ್ದೇನೆ. ಮುಂದಿನ ಸಾಲಿನಲ್ಲಿ ಮಳಿಗೆ ಕೇಳುತ್ತಿರುವ ಮನುಷ್ಯ ಕುಳಿತಿದ್ದು, ಅವನ ಬಳಿಯೇ ಸಾಲ ಇದ್ದರೆ, ಹಿಂದಿನ ಸಾಲಿನ ಹೆಂಗಸು ಅವನ ಎದುರು ಕೈ ಎತ್ತುವುದು ಹೇಗೆ? ಚೀಟಿ ಇದ್ದರೆ ಅವಳಿಗೆ ಧೈರ್ಯ ಬರುತ್ತದೆ. ಸಭೆಗೆ ಮುಂಚೆ ಮಹಿಳಾ ಗ್ರಾಮಸಭೆ ನಡೆಸುವ ಕ್ರಮವಿದೆಯಲ್ಲ, ಅಲ್ಲಿ ಈ ಪ್ರಶ್ನೆಯನ್ನು ಇಟ್ಟು ಮಾತಾಡಲಿ. ಸಭೆಯನ್ನು ಸಂತೆಯ ದಿನ ಇಡಲೇಬೇಡಿ, ವ್ಯಾಪಾರ ಮಾಡುವವರು ಬರಲಾರರು.

ಇನ್ನೊಂದು. ಸಂತೆಗೆ ಸೊಪ್ಪು ತರುವ ಎಷ್ಟೋ ಹೆಂಗಸರು ಬೇರೆ ಪಂಚಾಯಿತಿಯವರು. ಅವರು ಸಹಿ ಹಾಕುವ ಹಾಗಿಲ್ಲ, ಮತವೂ ಇಲ್ಲ. ಆದರೆ ಸಂತೆ ಎರಡು ಕಿಲೋಮೀಟರ್ ಆಚೆಗೆ ಹೋದರೆ ತಲೆಹೊರೆ ಹೊತ್ತು ನಡೆಯುವವರು ಅವರೇ. ಮತಕ್ಕೆ ಮುಂಚೆ ಅವರಲ್ಲಿ ಒಂದಿಬ್ಬರನ್ನು ಕರೆದು ಮಾತಾಡಲು ಬಿಡಬೇಕೆಂದು ನಿಮ್ಮ ಮನವಿಯಲ್ಲಿಯೇ ಬರೆಯಿರಿ.

ಪ್ರಶ್ನೆ ಕೇಳಿದವರು: ಕಲ್ಪತರು ನಾಡು (ಗುಬ್ಬಿ ತಾಲ್ಲೂಕು)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಬಾಗೇಪಲ್ಲಿಯ ಅಕ್ಕನವರು ಹೇಳಿದ ಹೊರಗಿನ ವ್ಯಾಪಾರಸ್ಥರ ವಿಷಯವನ್ನು ಮನವಿಯಲ್ಲಿ ಸೇರಿಸುತ್ತಿದ್ದೇವೆ. ನಿನ್ನೆ ಸಂಜೆ ಕುಳಿತು ಒಂದು ಕರಡು ಸಿದ್ಧಪಡಿಸಿದೆವು, ದಯವಿಟ್ಟು ನೋಡಿ:

"ರೈತರಿಗೆ ಅನುಕೂಲವಾಗಿರುವ ನಮ್ಮ ವಾರದ ಸಂತೆ ಎಲ್ಲಿ ನಡೆಯಬೇಕು? ಬಸ್ಸಿನ ಗುರುತು: ಬಸ್ ನಿಲ್ದಾಣದ ಪಕ್ಕದಲ್ಲಿರುವ ಈಗಿನ ಮೈದಾನದಲ್ಲಿಯೇ ಮುಂದುವರಿಯಬೇಕು. ಲಾರಿಯ ಗುರುತು: ಊರ ಹೊರಗಿನ ಗೋಮಾಳಕ್ಕೆ ಹೋಗಬೇಕು."

ಮಳಿಗೆಗಳ ಬಗ್ಗೆ ಎರಡನೆಯ ಪ್ರಶ್ನೆಯನ್ನು ಅದೇ ಚೀಟಿಯ ಕೆಳಗೆ ಹಾಕಬಹುದೇ ಎಂದು ನಮ್ಮಲ್ಲಿ ಒಮ್ಮತ ಬರಲಿಲ್ಲ.

ಉತ್ತರ 5: ಶಾಲೆಯ ಮೇಷ್ಟ್ರು (ಚಿಂತಾಮಣಿ)

ಕರಡು ಮೊದಲಿನ ವಾಕ್ಯಕ್ಕಿಂತ ಎಷ್ಟೋ ಉತ್ತಮವಾಗಿದೆ. "ರೈತರಿಗೆ ಅನುಕೂಲವಾಗಿರುವ" ಎಂಬುದನ್ನು ತೆಗೆಯಿರಿ. ಅದು ತಮ್ಮ ವಾದ, ಅದನ್ನು ಭಾಷಣದಲ್ಲಿ ಹೇಳಬಹುದು, ಪ್ರಶ್ನೆಯಲ್ಲಿ ಹೇಳಬಾರದು. "ಈಗಿನ ಮೈದಾನದಲ್ಲಿಯೇ" ಎಂದು ಒತ್ತು ಕೊಟ್ಟು, ಇನ್ನೊಂದನ್ನು "ಊರ ಹೊರಗಿನ" ಎಂದು ದೂರ ತಳ್ಳುವುದೂ ಬೇಡ. ಎರಡೂ ಉತ್ತರಗಳು ಒಂದೇ ಅಳತೆಯಲ್ಲಿ, ಒಂದೇ ರೀತಿಯ ಕ್ರಿಯಾಪದದಲ್ಲಿ ಇರಲಿ. ವಕೀಲರು ಹೇಳಿದ ಜಿಲ್ಲಾಧಿಕಾರಿಗಳ ಮಂಜೂರಾತಿಯ ಮಾತು ಚೀಟಿಯಲ್ಲಿ ಬರಲೇಬೇಕು. ನನ್ನ ಸಲಹೆ ಹೀಗಿದೆ:

"ವಾರದ ಸಂತೆ ಎಲ್ಲಿ ನಡೆಯಬೇಕು? ಬಸ್ಸಿನ ಗುರುತು: ಬಸ್ ನಿಲ್ದಾಣದ ಪಕ್ಕದ ಮೈದಾನದಲ್ಲಿ ನಡೆಯಬೇಕು. ಲಾರಿಯ ಗುರುತು: ಹೆದ್ದಾರಿ ಪಕ್ಕದ ಗೋಮಾಳದಲ್ಲಿ ನಡೆಯಬೇಕು, ಇದಕ್ಕಾಗಿ ಜಾಗ ಕೊಡುವಂತೆ ಜಿಲ್ಲಾಧಿಕಾರಿಗಳನ್ನು ಪಂಚಾಯಿತಿ ಕೋರಬೇಕು, ಅವರು ಕೊಡುವವರೆಗೆ ಸಂತೆ ಈಗಿನ ಜಾಗದಲ್ಲಿ ನಡೆಯುತ್ತದೆ." ಗೋಮಾಳದ ಮುಂದೆ ಸರ್ವೆ ನಂಬರನ್ನು ಬರೆಯಿರಿ.

ಮಳಿಗೆಯ ಪ್ರಶ್ನೆಯನ್ನು ಇದೇ ಚೀಟಿಗೆ ಸೇರಿಸಬೇಡಿ. ಸಂತೆ ಇಲ್ಲಿಯೇ ಉಳಿದರೆ ಆ ಪ್ರಶ್ನೆಯೇ ಏಳುವುದಿಲ್ಲ. ಲಾರಿ ಗೆದ್ದರೆ, ಖಾಲಿಯಾಗುವ ಮೈದಾನವನ್ನು ಏನು ಮಾಡಬೇಕೆಂಬುದನ್ನು ಮುಂದಿನ ಸಾಮಾನ್ಯ ಗ್ರಾಮಸಭೆಯ ಕಾರ್ಯಸೂಚಿಗೆ ತನ್ನಿ.

ಸಹಿ ಸಂಗ್ರಹಕ್ಕೆ ಹೊರಡುವ ಮುಂಚೆ, ಈ ವಿವಾದದ ಗಂಧವೇ ಇಲ್ಲದ ನಾಲ್ಕೈದು ಜನರಿಗೆ, ಅವರಲ್ಲಿ ಓದು ಬಾರದವರೂ ಇರುವಂತೆ ನೋಡಿಕೊಂಡು, ಚೀಟಿಯನ್ನು ಒಮ್ಮೆ ಓದಿ ಹೇಳಿ. "ಅರ್ಥವಾಯಿತೇ" ಎಂದು ಕೇಳಬೇಡಿ, ಎಲ್ಲರೂ ಆಯಿತು ಎನ್ನುತ್ತಾರೆ. "ಹೆಚ್ಚು ಜನ ಲಾರಿಗೆ ಮುದ್ರೆ ಒತ್ತಿದರೆ ಬರುವ ವಾರ ಸಂತೆ ಎಲ್ಲಿ ನಡೆಯುತ್ತದೆ?" ಎಂದು ಕೇಳಿ. ಒಬ್ಬರು ತಪ್ಪು ಹೇಳಿದರೂ ವಾಕ್ಯವನ್ನು ಇನ್ನೊಮ್ಮೆ ತಿದ್ದಬೇಕು.

ಉತ್ತರ 6: ನಿವೃತ್ತ ಪಂಚಾಯಿತಿ ನೌಕರ (ಮಧುಗಿರಿ)

ಮೇಷ್ಟ್ರ ವಾಕ್ಯವನ್ನು ಹಾಗೆಯೇ ಸಹಿ ಹಾಳೆಯ ತಲೆಯ ಮೇಲೆ ಮುದ್ರಿಸಿ. ಅಲ್ಲಿ ಒಂದು ಮಾತು, ಸಭೆಯ ಚೀಟಿಯಲ್ಲಿ ಇನ್ನೊಂದು ಮಾತು ಆಗಬಾರದು. ಮತದಾನ ಚೀಟಿಯ ಮೂಲಕವೇ ನಡೆಯಲಿ, ಎಣಿಕೆ ಸಭೆಯ ಎದುರಿನಲ್ಲಿಯೇ ಆಗಲಿ, ಬಸ್ಸಿಗೆ ಎಷ್ಟು, ಲಾರಿಗೆ ಎಷ್ಟು, ಅಸಿಂಧು ಎಷ್ಟು ಎಂಬುದನ್ನು ನಡವಳಿಯಲ್ಲಿ ಅಂಕಿ ಮತ್ತು ಅಕ್ಷರ ಎರಡರಲ್ಲಿಯೂ ಬರೆದು ಸಭೆ ಮುಗಿಯುವ ಮೊದಲು ಓದಿ ಹೇಳಲಿ ಎಂಬ ಮೂರು ಕೋರಿಕೆಗಳನ್ನೂ ಅದೇ ಮನವಿಯಲ್ಲಿ ಸೇರಿಸಿರಿ. ಸಭೆಯ ಮೇಲ್ವಿಚಾರಣೆಗೆ ಬರುವ ನೋಡಲ್ ಅಧಿಕಾರಿಗಳಿಗೆ ಮನವಿಯ ಪ್ರತಿಯನ್ನು ಮುಂಚಿತವಾಗಿ ತಲುಪಿಸಿ. ನಡವಳಿಯ ಆ ಪುಟಕ್ಕೆ ಅವರ ಸಹಿ ಬೀಳುವವರೆಗೆ ತಮ್ಮವರು ಯಾರೂ ಸಭೆಯಿಂದ ಎದ್ದು ಹೋಗಬಾರದು.